ನಾಲ್ಕು ಬೆರಳಗಲ ಉಣ್ಣೆ

ನನ್ನ ಗಂಡ ಔದಾ ತೀರಿಕೊಂಡ ಅರವತ್ತೆಂಟನೆಯ ದಿನ ಬಿಡಾರ ಕೀಳುವ ಮಾತು ಬಂತು. ಕಣಿವೆಯಲ್ಲಿ ಆಡುಗಳಿಗೆ ಮುಳ್ಳು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಬಂಡೆಗುಂಡಿಯ ನೀರು ತಳ ಸೇರಿ, ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿ ಸೇದುತ್ತಿದ್ದರು. ನಮ್ಮದು ಆಡಿನ ಕೂದಲಿನಿಂದ ನೆಯ್ದ ಏಳು ಗುಡಾರಮನೆಗಳ ಬಿಡಾರ. ಆರು ಮನೆಯವರು ಹೊರಡಲು ತಯಾರಾಗಿದ್ದರು. ಏಳನೆಯ ಮನೆಯಲ್ಲಿ ನಾನು ಇದ್ದತ್ ಕೂತಿದ್ದೆ. ನಾಲ್ಕು ತಿಂಗಳು ಹತ್ತು ದಿನ, ಗಂಡ ಸತ್ತ ಸುದ್ದಿ ಯಾವ ಮನೆಯಲ್ಲಿ ಮುಟ್ಟಿತೋ ಆ ಮನೆಯಲ್ಲೇ ಇರಬೇಕು.

ಗಂಡಸರು ನಮ್ಮ ಮನೆಯ ಅತಿಥಿಗಳ ಕಡೆ ಕೂತು ಮಾತಾಡಿದರು. ನಾನೂ ನನ್ನ ಅತ್ತೆ ಫಿದ್ದಾ ಕೂಡ ನಡುಪರದೆಯ ಈಚೆ, ಒಲೆಯ ಬಳಿ ಇದ್ದೆವು. ಪರದೆಯ ಆಚೆ ಮಾತಾಡಿದರೆ ಈಚೆಯವರಿಗೆ ಕೇಳಿಸದು ಎಂದು ಗಂಡಸರು ಇಂದಿಗೂ ನಂಬಿದ್ದಾರೆ.

"ಅಮ್ಮಾ, ಮನೆ ಅಂದ್ರೆ ಯಾವ್ದು ಹೇಳು" ಎಂದು ನನ್ನ ಭಾವ ಮುತ್ಲಖ್ ಕೂಗಿದ. "ಈ ನೆಲವಾ, ಮೇಲಿರೋ ಕೂದಲಾ?"

"ನನ್ನನ್ನ ಕೇಳಿದ್ರೆ? ನೀವೇ ಅಲ್ವಾ ಗಡ್ಡ ಬಿಟ್ಟಿರೋರು" ಎಂದಳು ಅತ್ತೆ.

ಬಿಡಾರದ ಹಿರಿಯ ದಹ್ಹಾಮ್ ಕೆಮ್ಮಿ, ಎಲ್ಲರಂತೆ ಅತ್ತೆಯನ್ನು ಮುತ್ಲಖನ ತಾಯಿ ಎಂದೇ ಕರೆದ. "ಉಮ್ಮ್ ಮುತ್ಲಖ್, ನಾನು ಮಆನ್ ಪಟ್ಟಣಕ್ಕೆ ಹೋಗಿ ಮೌಲ್ವಿನೇ ಕೇಳ್ಕೊಂಡು ಬಂದೆ. ಅವನು ಕಿತಾಬು ತೆಗೆದ, ಕನ್ನಡಕ ಹುಡುಕಿದ, ಅಷ್ಟರಲ್ಲಿ ಎರಡು ಸಲ ಚಹಾ ಬಂತು. ಕೊನೆಗೆ ನಾನು ಹೋಗೋವಾಗ ಹೇಳಿದ್ದನ್ನೇ ನಂಗೆ ತಿರುಗಿ ಹೇಳ್ದ. ಪಟ್ಟಣದೋರ ಮನೆ ಕಲ್ಲು, ಅವರ ಹೆಂಗಸು ಕಲ್ಲಿನೊಳಗೆ ಕೂರ್ತಾಳೆ. ನಮ್ಮದು ಕೂದಲು. ಕೂದಲು ಎಲ್ಲಿಗೆ ಹೋಗುತ್ತೋ ಅವಳೂ ಅಲ್ಲಿಗೆ."

"ಹಂಗಾದ್ರೆ ಅದೇ ಕೂದಲು ಹೋಗ್ಬೇಕು" ಎಂದಳು ಅತ್ತೆ. "ಅವಳ ದಿನ ಮುಗಿಯೋ ತನಕ ತಲೆ ಮೇಲಿನ ಮಾಡಿಗೆ ಬೇರೆ ಪಟ್ಟಿ ಸೇರಿಸ್ಬಾರ್ದು, ಇದ್ದದ್ದು ತೆಗೀಬಾರ್ದು. ಆಮೇಲೆ ಅದು ಅದೇ ಮನೆ ಹೆಂಗಾಗುತ್ತೆ?"

"ಸರಿ, ಅದೇ ಕೂದಲು" ಎಂದ ದಹ್ಹಾಮ್. ಗಂಡಸರು ಕಾಫಿ ಬಟ್ಟಲು ಅಲುಗಾಡಿಸಿ ಸಾಕೆಂದರು.

ನಾನು ಹಿಟ್ಟು ನಾದುತ್ತಿದ್ದೆ. ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಇನ್ನೊಮ್ಮೆ ಹಾಕಿದೆ. ಆ ದಿನಗಳಲ್ಲಿ ನಮ್ಮ ರೊಟ್ಟಿ ಒಂದು ಹೊತ್ತು ಸಪ್ಪೆ, ಒಂದು ಹೊತ್ತು ಕಹಿಯಾಗುವಷ್ಟು ಉಪ್ಪು. ಯಾರೂ ಏನೂ ಅನ್ನುತ್ತಿರಲಿಲ್ಲ. ವಿಧವೆಯ ರೊಟ್ಟಿಗೆ ಯಾರೂ ಹೆಸರಿಡುವುದಿಲ್ಲ.

ಅದೇ ಕೂದಲು, ಅದೇ ಪಟ್ಟಿಗಳು. ನಾನು ತಲೆ ಎತ್ತಿ ನಡುವಿನ ಪಟ್ಟಿಯನ್ನು ನೋಡಿದೆ. ಅರವತ್ತೆಂಟು ದಿನಗಳಿಂದ ಅದನ್ನೇ ನೋಡುತ್ತಿದ್ದೆ.

ಆ ಪಟ್ಟಿಯ ವಿಷಯ ಇಲ್ಲೇ ಹೇಳಿಬಿಡಬೇಕು, ತಡಮಾಡಿದರೆ ನಾನು ಏನೋ ಮುಚ್ಚಿಟ್ಟಂತೆ ಆಗುತ್ತದೆ. ನಮ್ಮ ಮನೆಯ ಮಾಡು ಏಳು ಪಟ್ಟಿಗಳದ್ದು. ಒಂದೊಂದೂ ಒಂದೂವರೆ ಮೊಳ ಅಗಲ, ಮನೆಯಷ್ಟೇ ಉದ್ದ. ಎರಡು ವರ್ಷಕ್ಕೊಮ್ಮೆ ಹೊಸದೊಂದನ್ನು ನೆಯ್ದು ನಡುವೆ ಹೊಲಿಯುತ್ತೇವೆ, ಹಳೆಯವು ಅಂಚಿಗೆ ಸರಿಯುತ್ತವೆ. ತೀರ ಹಳೆಯದು ಮಾಡಿನಿಂದ ಇಳಿದು ಗೋಡೆಯಾಗುತ್ತದೆ, ಆಮೇಲೆ ಚೀಲ, ಆಮೇಲೆ ಒಂಟೆಯ ಬೆನ್ನಿನ ಮೆತ್ತೆ. ಮಾಡಿನ ಪಟ್ಟಿಗೆ ಶುದ್ಧ ಆಡಿನ ಕೂದಲೇ ಆಗಬೇಕು. ಆಡಿನ ಕೂದಲಿನ ಮೇಲೆ ನೀರು ಬಿದ್ದರೆ ಅದು ಉಬ್ಬಿ ನೇಯ್ಗೆಯ ಕಣ್ಣು ಮುಚ್ಚಿಕೊಳ್ಳುತ್ತದೆ. ಮೊದಲ ನಾಲ್ಕಾರು ಹನಿ ಒಳಗೆ ಬೀಳುತ್ತವೆ, ಅಷ್ಟೇ. ಉಳಿದ ಮಳೆ ಮೇಲಿಂದಲೇ ಜಾರಿ ಹೋಗುತ್ತದೆ. ಕುರಿಯ ಉಣ್ಣೆ ಹಾಗಲ್ಲ. ಅದು ಕುಡಿಯುತ್ತದೆ, ಹೊಟ್ಟೆ ತುಂಬಿದ ಮೇಲೆ ಕಕ್ಕುತ್ತದೆ. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಕಳೆದ ಬೇಸಿಗೆಯ ಕೊನೆಗೆ ನಾನೂ ನನ್ನ ಓರಗಿತ್ತಿ ಘಜ್ವಾ ಕೂಡ ಅಕ್ಕಪಕ್ಕದಲ್ಲೇ ನೆಲಕ್ಕೆ ಗೂಟ ಹೊಡೆದು ಮಗ್ಗ ಹೂಡಿದ್ದೆವು. ಘಜ್ವಾ ಮುತ್ಲಖನ ಹೆಂಡತಿ. ಅವಳ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಾನು ಇನ್ನೂ ಉದ್ದದ ನೂಲಿನ ಹಾಸು ಹಾಕುತ್ತಿದ್ದೆ, ಅವಳಾಗಲೇ ಪಟ್ಟಿ ಮುಗಿಸಿ ಮಗ್ಗದಿಂದ ಕತ್ತರಿಸಿದಳು. ಹೆಂಗಸರು ನಾಲಿಗೆ ಕುಣಿಸಿ ಕೇಕೆ ಹಾಕಿದರು. ನನ್ನ ಹಾಸಿನ ಕೊನೆಯ ಅಂಚಿಗೆ, ನಾಲ್ಕು ಬೆರಳಗಲಕ್ಕೆ, ನೂಲು ಸಾಲಲಿಲ್ಲ. ಘಜ್ವಾಳ ಬುಟ್ಟಿಯಲ್ಲಿ ಎರಡು ಉಂಡೆ ನೂಲು ಉಳಿದದ್ದನ್ನು ನಾನು ಕಂಡಿದ್ದೆ. ಕೇಳಿದ್ದರೆ ಕೊಡುತ್ತಿದ್ದಳು. "ಅಂದಾಜು ತಪ್ಪಿತೇನೇ ಸಬ್ಹಾ?" ಎನ್ನುತ್ತಿದ್ದಳು. ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಎನ್ನುತ್ತಿರಲಿಲ್ಲ.

ನಾನು ಕೇಳಲಿಲ್ಲ. ಕಪ್ಪು ಕುರಿಯ ಉಣ್ಣೆಯನ್ನು ಉಳಿದ ಕೂದಲಿನ ಜೊತೆ ಬೆರೆಸಿ ನೂತೆ. ಕಣ್ಣಿಗೆ ತಿಳಿಯುವುದಿಲ್ಲ. ನಾಲ್ಕು ಬೆರಳಗಲ ತಾನೇ ಎಂದುಕೊಂಡೆ. ಪಟ್ಟಿ ಮುಗಿದಾಗ ನನಗೂ ಕೇಕೆ ಹಾಕಿದರು.

ಬಿಡಾರದ ಎಲ್ಲ ಮನೆಗಳ ಪಟ್ಟಿಗಳನ್ನು ಜೋಡಿಸಿ ಹೊಲಿಯುತ್ತಿದ್ದವಳು ನನ್ನ ಅತ್ತೆ. ನಲವತ್ತು ವರ್ಷಗಳಿಂದ ಆ ದಬ್ಬಣ ಅವಳದು. ಅವಳು ನನ್ನ ಪಟ್ಟಿಯನ್ನು ನಡುವೆ ಇಟ್ಟು ಹೊಲಿದಳು. ಉಣ್ಣೆಯ ಅಂಚು ಅವಳ ಹೊಲಿಗೆಯ ಪಕ್ಕಕ್ಕೇ ಬಂತು.

ಚಳಿಗಾಲದಲ್ಲಿ ಔದಾ ತಪ್ಪಿಸಿಕೊಂಡ ಒಂಟೆಯನ್ನು ಹುಡುಕಿಕೊಂಡು ಎರಡು ದಿನ ಹಿಮಮಳೆಯಲ್ಲಿ ಅಲೆದು ಬಂದ. ಒಂಟೆ ಸಿಕ್ಕಿತು. ಅವನಿಗೆ ಜ್ವರ ಹಿಡಿಯಿತು. ಆರು ದಿನ ಮಲಗಿದ, ಅದರಲ್ಲಿ ಮೂರು ದಿನ ಮಳೆ. ಎರಡು ಕಂಬಗಳ ನಡುವೆ ಮಾಡು ಜೋಲುವಲ್ಲಿ ಹನಿ ಬೀಳುತ್ತಿತ್ತು. ಅತ್ತೆ ಅವನ ದಿಂಬನ್ನು ಎರಡು ಸಲ ಸರಿಸಿದಳು. ಎಲ್ಲಿ ಸರಿಸಿದರೂ ಆ ಸಾಲಿನಲ್ಲಿ ಇನ್ನೊಂದು ಹನಿ. ಕೊನೆಗೆ ತಾಮ್ರದ ಬಟ್ಟಲು ಇಟ್ಟಳು. ಔದಾ ಕಣ್ಣು ಬಿಟ್ಟು ಮೇಲೆ ನೋಡಿ, "ಅಮ್ಮಾ, ಇದು ನಿನ್ನ ಹೊಲಿಗೇನಾ? ವಯಸ್ಸಾಯ್ತು ಬಿಡು ನಿಂಗೆ" ಎಂದು ನಕ್ಕ. ಅದು ಅವನ ಕೊನೆಯ ಮಾತಲ್ಲ. ಆಮೇಲೆ ನೀರು ಕೇಳಿದ, ಮಗಳು ನೌಫಳನ್ನು ಕೇಳಿದ, ಒಂಟೆಯನ್ನು ಕಟ್ಟಿದ್ದೀರಾ ಎಂದು ಕೇಳಿದ. ಆದರೆ ಅತ್ತೆಗೆ ನೆನಪಿರುವುದು ಆ ಮಾತು. ನಾನು ಅಲ್ಲೇ ಇದ್ದೆ. ಬಟ್ಟಲಿನ ನೀರು ಚೆಲ್ಲಿ ಬಂದೆ. ಏನೂ ಹೇಳಲಿಲ್ಲ.

ಮರುದಿನ ಹೇಳಬಹುದಿತ್ತು. ಮರುದಿನ ಅವನು ಸತ್ತ.

ಆಮೇಲೆ ದಿನಾ ಬೆಳಿಗ್ಗೆ ಅತ್ತೆ ಧಾನ್ಯದ ಮೂಟೆಯ ಮೇಲೆ ಹತ್ತಿ ನಿಂತು ಆ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಒಂದೆರಡು ಗಂಟು ಬಿಚ್ಚಿ ಮತ್ತೆ ಹಾಕುತ್ತಿದ್ದಳು. "ಎಲ್ಲಿ ಬಿಟ್ಟೆ ನಾನು? ಎಲ್ಲೋ ಒಂದು ಹೊಲಿಗೆ ಬಿಟ್ಟಿದೀನಿ" ಎಂದು ತನ್ನಲ್ಲೇ ಹೇಳಿಕೊಳ್ಳುತ್ತಿದ್ದಳು. ನಾನು ಮೂಟೆ ಅಲುಗದಂತೆ ಹಿಡಿದುಕೊಳ್ಳುತ್ತಿದ್ದೆ.

ಹೇಳಿದರೆ ಅವಳಿಗೆ ಹಗುರವಾಗುತ್ತದೆ ಎಂದು ನನಗೆ ಗೊತ್ತಿತ್ತು. ಇದ್ದತ್ ಮುಗಿದ ಮೇಲೆ ನನ್ನ ಅಣ್ಣ ಸತ್ತಾಮ್ ಬಂದು ನನ್ನನ್ನು ತವರಿಗೆ ಕರೆದೊಯ್ಯುತ್ತಾನೆ ಎಂಬುದೂ ಗೊತ್ತಿತ್ತು. ನೌಫಳಿಗೆ ಐದು ವರ್ಷ. ಮಗು ತಂದೆಯ ಕಡೆಯದು. ಅತ್ತೆ ಬಾಯಿಬಿಟ್ಟು "ಇವಳು ಇಲ್ಲೇ ಇರಲಿ" ಎಂದರೆ ಮಾತ್ರ ನಾನು ಮಗಳ ಜೊತೆ ಇರಬಹುದು. ತನ್ನ ಮಗನ ಮೇಲೆ ಮಳೆ ಸೋರಿಸಿದವಳನ್ನು ಯಾರು ಇರಲಿ ಎನ್ನುತ್ತಾರೆ? ಇದನ್ನು ನಾನು ದುಃಖದಿಂದ ಯೋಚಿಸಲಿಲ್ಲ, ಭಯದಿಂದಲೂ ಅಲ್ಲ. ಹಲ್ಲು ಕಿತ್ತ ಜಾಗವನ್ನು ನಾಲಿಗೆ ಮುಟ್ಟಿ ನೋಡುವ ಹಾಗೆ ಮುಟ್ಟಿ ನೋಡುತ್ತಿದ್ದೆ.

ಎಪ್ಪತ್ತೊಂದನೆಯ ದಿನ ಮನೆ ಇಳಿಸಿದೆವು. ಮನೆ ಇಳಿಸುವುದು, ಕಟ್ಟುವುದು ಹೆಂಗಸರ ಕೆಲಸ. ನನ್ನನ್ನು ಕಪ್ಪು ಹೊದಿಕೆಯಲ್ಲಿ ಸುತ್ತಿ ಬಂಡೆಯ ನೆರಳಿನಲ್ಲಿ ಕೂರಿಸಿದರು. ಮನೆ ಇಳಿದ ಮೇಲೆ ನಾನು ಮನೆಯೊಳಗಿದ್ದೇನೆಯೇ ಹೊರಗಿದ್ದೇನೆಯೇ ಎಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಘಜ್ವಾ ಹಳೆಯ ಗೋಡೆಪಟ್ಟಿಯೊಂದನ್ನು ತಂದು ನನ್ನ ಹೆಗಲ ಮೇಲೆ ಹಾಕಿದಳು. "ತಗೋ, ಮನೆ ಉಟ್ಕೋ. ಮೌಲ್ವಿ ಕೇಳಿದ್ರೆ ಹೇಳ್ತೀವಿ."

ಹೆಂಗಸರು ನಕ್ಕರು. ನನ್ನ ಬಾಯಿಯೂ ಅಗಲವಾಯಿತು ಎಂದು ಕಾಣುತ್ತದೆ.

ಹಗ್ಗ ಬಿಚ್ಚಿದರು, ಕಂಬ ಕೆಡವಿದರು, ಮಾಡನ್ನು ನೆಲದ ಮೇಲೆ ಹರಡಿದರು. ಆಗ ಅತ್ತೆ ತನ್ನ ಸೊಂಟದ ಚೀಲದಿಂದ ದಬ್ಬಣ ತೆಗೆದು ಘಜ್ವಾಳ ಮುಂದೆ ಹಿಡಿದಳು.

"ನಡುವಿನ ಹೊಲಿಗೆ ಪೂರಾ ಬಿಚ್ಚಿ ನೀನು ಹೊಲಿ. ನನ್ನ ಕಣ್ಣು ಹೋಯ್ತು."

ಘಜ್ವಾ ಕೈ ಹಿಂದಕ್ಕೆ ಎಳೆದುಕೊಂಡಳು. "ಏನತ್ತೆ, ನಿಮ್ಮ ಹೊಲಿಗೆ ಬಿಚ್ಚೋಕೆ ನಂಗೆ ಧೈರ್ಯ ಇದ್ಯಾ? ಇವತ್ತು ಬಿಚ್ಚಿದ್ರೆ ನಾಳೆ ನನ್ನ ಚರ್ಮ ಬಿಚ್ತೀರಿ" ಎಂದಳು.

"ಬಿಚ್ಚು ಅಂದ್ನಲ್ಲ. ದಬ್ಬಣನೂ ಇಟ್ಕೋ. ಇನ್ನು ಎಲ್ಲರ ಮನೇದೂ ನೀನೇ ಹೊಲಿ."

"ಉಮ್ಮ್ ಮುತ್ಲಖ್, ಅಷ್ಟೊಂದು ಹೇಳ್ಬೇಡಿ" ಎಂದರು ಉಳಿದ ಹೆಂಗಸರು.

"ನನ್ನ ಮಗನ ಮೇಲೆ ಹನಿ ಬಿತ್ತು. ನೀವು ಯಾರೂ ನೋಡಿಲ್ಲ, ನಾನು ನೋಡಿದೀನಿ."

ಆಗ ಹೇಳಬೇಕಿತ್ತು. ಎಲ್ಲರೂ ಇದ್ದರು, ಪಟ್ಟಿ ಬಿಸಿಲಲ್ಲಿ ಬಿದ್ದಿತ್ತು, ಕೈಚಾಚಿ ತೋರಿಸಿದರೆ ಸಾಕಿತ್ತು. ನೌಫ್ ನನ್ನ ಹೊದಿಕೆಯ ಅಂಚು ಹಿಡಿದು ಕಂಬದ ತೂತಿನಿಂದ ಹೊರಬಂದ ಜೀರುಂಡೆಯನ್ನು ನೋಡುತ್ತಿದ್ದಳು. ನಾನೂ ಜೀರುಂಡೆಯನ್ನು ನೋಡಿದೆ. ಘಜ್ವಾ ಹೊಲಿಯತೊಡಗಿದಳು. ಒಂದು ಸಲ ನಿಲ್ಲಿಸಿ, ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದಳು. "ಈ ಅಂಚು ಮೆತ್ತಗಿದೆ ಕಣೇ" ಎಂದಳು. ನಾನು ಜೀರುಂಡೆಯಿಂದ ಕಣ್ಣು ತೆಗೆಯಲಿಲ್ಲ. ಅವಳು ಮತ್ತೆ ಹೊಲಿದಳು.

ಬಾಡಿಗೆ ಲಾರಿಯಲ್ಲಿ ಮನೆಗಳನ್ನೆಲ್ಲ ಹೇರಿ, ಮೇಲೆ ಹೆಂಗಸರು ಮಕ್ಕಳು ಕೂತು ಹೊರಟೆವು. ನನ್ನನ್ನು ನಮ್ಮ ಮನೆಯ ಸುರುಳಿಯ ಮೇಲೇ ಕೂರಿಸಿದರು. ಬಿಟ್ಟು ಬಂದ ಜಾಗದಲ್ಲಿ ಒಲೆಯ ಮೂರು ಕಲ್ಲು, ಬೂದಿ, ಒಂದಿಷ್ಟು ದೂರದಲ್ಲಿ ಔದಾನ ಗೋರಿ. ಅತ್ತೆ ಲಾರಿ ತಿರುಗುವವರೆಗೂ ಗೋರಿಯ ಕಡೆ ನೋಡಿದಳು. ಆಮೇಲೆ ತನ್ನ ಖಾಲಿ ಕೈ ನೋಡಿಕೊಂಡಳು. ದಬ್ಬಣವಿಲ್ಲದೆ ಅವಳ ಬೆರಳುಗಳಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ನಾನು ಅದನ್ನು ನೋಡಿದೆ. ಕಲ್ಲನ್ನು ನೋಡಿದಂತೆ ನೋಡಿದೆ.

ಹೊಸ ಜಾಗ ಕೆಂಪು ಗುಡ್ಡಗಳ ಮಧ್ಯೆ, ಎತ್ತರದಲ್ಲಿತ್ತು. ಮೇವು ಚೆನ್ನಾಗಿತ್ತು. ಮನೆಯ ಮುಖವನ್ನು ಪೂರ್ವಕ್ಕೆ ಮಾಡಿ ಕಟ್ಟಿದರು. ನಾನು ಒಳಹೊಕ್ಕು ಅದೇ ಕಂಬದ ಬಳಿ ಕೂತೆ. ಹೊರಗೆ ಜಾಗ ಬದಲಾಗಿತ್ತು, ಒಳಗೆ ಏನೂ ಬದಲಾಗಿರಲಿಲ್ಲ. ಅದೇ ಕಪ್ಪು, ಕೂದಲಿನ ಸಂದಿಯಿಂದ ಬೀಳುವ ಅದೇ ಬಿಸಿಲಿನ ಚುಕ್ಕೆಗಳು, ಅದೇ ಹೊಗೆಯ ವಾಸನೆ. ಇದ್ದತ್ ಮುರಿದಿಲ್ಲ ಎಂದು ದಹ್ಹಾಮ್ ಹೇಳಿದ್ದು ಸರಿ ಎನ್ನಿಸಿತು.

ಅಲ್ಲಿಗೆ ಹೋದ ಐದನೆಯ ದಿನ, ಮಧ್ಯಾಹ್ನ, ಮಳೆ ಬಂತು. ವಸಂತದ ಮಳೆ, ಒಮ್ಮೆಲೇ ಸುರಿಯುವಂಥದ್ದು. ಮೊದಲು ಎಲ್ಲ ಪಟ್ಟಿಗಳಿಂದಲೂ ಹನಿ ಬಿದ್ದವು. ನೌಫ್ ಹಿಟ್ಟಿನ ಚೀಲದ ಮೇಲೆ ಚರ್ಮ ಎಳೆದಳು. ನಂತರ ಕೂದಲು ಉಬ್ಬಿತು. ಒಂದೊಂದೇ ಪಟ್ಟಿ ಬಾಯಿ ಮುಚ್ಚಿತು. ಹಿಂಬದಿಯದು ಮುಚ್ಚಿತು, ಮುಂಬದಿಯದು ಮುಚ್ಚಿತು. ನಡುವಿನ ಹೊಲಿಗೆಯ ಗುಂಟ ಮಾತ್ರ ಹನಿ ನಿಲ್ಲಲಿಲ್ಲ.

ಅತ್ತೆ ಆ ಹನಿಗಳನ್ನು ನೋಡುತ್ತಾ ನಿಂತಳು. ಅವಳ ಮುಖದಲ್ಲಿ ಏನೋ ಎದ್ದು ಬಂತು. ಸಂತೋಷ ಎಂದರೆ ತಪ್ಪಾಗುತ್ತದೆ, ಆದರೆ ಬೇರೆ ಮಾತು ನನಗೆ ಸಿಗುವುದಿಲ್ಲ.

"ಘಜ್ವಾ!" ಎಂದು ಕೂಗಿದಳು. "ಏ ಘಜ್ವಾ! ನಿನ್ನ ಹೊಲಿಗೆ ಚೆಂದ ನೋಡು ಬಾರೇ!"

ಘಜ್ವಾ ತಲೆಯ ಮೇಲೆ ಚೀಲ ಹೊದ್ದು ಓಡಿ ಬಂದಳು. "ನನ್ನ ಹೊಲಿಗೆ ಸೋರೋದಾ? ಅತ್ತೆ, ನನ್ನ ಹೊಲಿಗೇಲಿ ಇರುವೆ ಕೂಡ ತೂರಲ್ಲ."

"ಇರುವೆ ಬೇಡ, ಒಂಟೆನೇ ತೂರ್ತಾ ಇದೆ, ನೋಡು."

ಘಜ್ವಾ ಮೂಟೆಯ ಮೇಲೆ ಹತ್ತಿದಳು. ಹೊಲಿಗೆಯ ಗುಂಟ ಬೆರಳು ಎಳೆದಳು. ಆಮೇಲೆ ಬೆರಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು, ಪಟ್ಟಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದಳು. ಒದ್ದೆ ಬಟ್ಟೆ ಹಿಂಡಿದಂತೆ ಅವಳ ಮೊಣಕೈವರೆಗೆ ನೀರು ಇಳಿಯಿತು. ಅವಳು ತಿರುಗಿ ನನ್ನನ್ನು ನೋಡಿದಳು.

"ಅದು ಉಣ್ಣೆ" ಎಂದೆ. "ನಾಲ್ಕು ಬೆರಳಗಲ. ಕೂದಲು ಸಾಲಲಿಲ್ಲ, ಬೆರೆಸಿದೆ. ಹೊಲಿಗೆಯದೇನೂ ತಪ್ಪಿಲ್ಲ."

ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದೆ. ಘಜ್ವಾ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವಳ ಕೈಗೆ ಅಷ್ಟರಲ್ಲಿ ತಿಳಿದಿತ್ತು. ತಿಳಿದ ಮೇಲೆ ಹೇಳಿದ್ದು ಹೇಳಿದಂತಾಗುತ್ತದೆಯೇ, ಗೊತ್ತಿಲ್ಲ. ನಾನೇ ಹೇಳಿದೆ ಎಂದು ಯಾರಿಗೂ ಖಚಿತವಾಗಿ ಹೇಳಲಾರೆ.

"ನನ್ನನ್ನ ಕೇಳ್ಬಾರ್ದಿತ್ತೇನೇ?" ಎಂದಳು ಘಜ್ವಾ, ಮೆಲ್ಲಗೆ. "ಎರಡು ಉಂಡೆ ಉಳಿದಿತ್ತು. ಇಲಿ ತಿಂದು ಹೋಯ್ತು."

ಅತ್ತೆ ಮಾತ್ರ ನನ್ನ ಕಡೆ ನೋಡಲೇ ಇಲ್ಲ. ಮಾಡನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ಹಂಗಾದ್ರೆ ನನ್ನ ಹೊಲಿಗೆ ಸರಿಯಿತ್ತು?"

"ಸರಿಯಿತ್ತು ಅತ್ತೆ."

"ಮೊದಲಿಂದ್ಲೂ?"

"ಮೊದಲಿಂದ್ಲೂ."

ಅವಳು ಹೊದಿಕೆ ಎಳೆದುಕೊಂಡು ಮಳೆಯಲ್ಲೇ ಹೊರಟಳು. ಘಜ್ವಾ ತಡೆಯಲು ಹೋದಳು, ತಡೆಯಲಾಗಲಿಲ್ಲ. ಅತ್ತೆ ದಹ್ಹಾಮನ ಮನೆಗೆ ಹೋದಳು, ಅಲ್ಲಿಂದ ಪಕ್ಕದ ಮನೆಗೆ, ಅಲ್ಲಿಂದ ಅದರಾಚೆಯದಕ್ಕೆ. ಮಳೆಯ ಸದ್ದಿನ ನಡುವೆ ಅವಳ ಕೂಗು ಕೇಳುತ್ತಿತ್ತು. "ಹೊಲಿಗೆ ಅಲ್ವಂತೆ! ಉಣ್ಣೆಯಂತೆ! ನನ್ನ ಹೊಲಿಗೆ ಸರಿಯಿತ್ತಂತೆ!" ತನ್ನ ಸೊಸೆಯ ಮರ್ಯಾದೆಯನ್ನು ಮನೆಮನೆಗೂ ಕೊಂಡೊಯ್ದು ಚೆಲ್ಲುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ನಿಲ್ಲಿಸುತ್ತಿರಲಿಲ್ಲವೇನೋ. ಎಂಬತ್ತು ದಿನ ಹೊತ್ತ ಹೊರೆ ಇಳಿಸುವಾಗ ಯಾರ ಕಾಲ ಮೇಲೆ ಬೀಳುತ್ತದೆ ಎಂದು ಯಾರು ನೋಡುತ್ತಾರೆ?

ತೊಯ್ದು ತೊಪ್ಪೆಯಾಗಿ ಬಂದಳು. ನಾನು ಅವಳ ತಲೆವಸ್ತ್ರ ಬಿಚ್ಚಿ ಒಲೆಯ ಮೇಲೆ ಹಿಡಿದೆ. ಬಿಚ್ಚಗೊಟ್ಟಳು. ಒಣಗಿದ ಬಟ್ಟೆಯನ್ನು ಕೊಟ್ಟಾಗ ನನ್ನ ಕೈಯಿಂದ ತೆಗೆದುಕೊಳ್ಳದೆ, ಕೆಳಗಿಡು ಎಂದು ನೆಲ ತೋರಿಸಿದಳು.

ಅಂದಿನಿಂದ ಅವಳು ನನ್ನ ಜೊತೆ ಮಾತು ನಿಲ್ಲಿಸಿದಳು. ಹೇಳಬೇಕಾದದ್ದನ್ನು ನೌಫಳ ಮೂಲಕ ಹೇಳುತ್ತಿದ್ದಳು. "ನಿಮ್ಮಮ್ಮಂಗೆ ಹೇಳು, ಮಜ್ಜಿಗೆ ಕಡೆಯೋ ಹೊತ್ತಾಯ್ತು." ನಾನು ಒಂದು ಮೊಳ ದೂರದಲ್ಲಿ ಕೂತಿರುತ್ತಿದ್ದೆ. ನೌಫ್ ನನ್ನ ಕಡೆ ತಿರುಗಿ, "ಅಮ್ಮಾ, ಮಜ್ಜಿಗೆ ಕಡೆಯೋ ಹೊತ್ತಾಯ್ತಂತೆ" ಎನ್ನುತ್ತಿದ್ದಳು. ನಾಲ್ಕು ದಿನಕ್ಕೆ ಮಗುವಿಗೆ ಬೇಸರ ಬಂತು. "ಅಜ್ಜೀ, ಅಮ್ಮಂಗೆ ಕಿವಿ ಕೇಳುತ್ತೆ, ನೀನೇ ಹೇಳು" ಎಂದಳು. ಅತ್ತೆ ಅದಕ್ಕೂ ನಗಲಿಲ್ಲ.

ನೋಡಲು ಬರುವ ಹೆಂಗಸರು ರೊಟ್ಟಿ ಮುರಿಯುತ್ತಾ, "ಇದ್ರಲ್ಲಿ ಗೋಧಿ ಒಂದೇ ತಾನೇ ಸಬ್ಹಾ, ಬೇರೇನೂ ಬೆರೆಸಿಲ್ವಲ್ಲ?" ಎನ್ನುತ್ತಿದ್ದರು. ವಿಧವೆಯ ರೊಟ್ಟಿಗೂ ಹೆಸರಿಡುವ ಕಾಲ ಬಂದಿತ್ತು. ನಾನು, "ಗೋಧಿ ಒಂದೇ" ಎನ್ನುತ್ತಿದ್ದೆ. ಮುತ್ಲಖ್ ಬಾಗಿಲಲ್ಲಿ ನಿಂತು ನೌಫಳನ್ನು ಕರೆದು ಎತ್ತಿಕೊಂಡು ಹೋಗುತ್ತಿದ್ದ, ಸಂಜೆ ತಂದು ಬಿಡುತ್ತಿದ್ದ. ನಾನಿಲ್ಲದ ಬದುಕಿಗೆ ಮಗುವನ್ನು ಒಗ್ಗಿಸುತ್ತಿದ್ದಾನೆ ಎಂದುಕೊಂಡೆ. ನನ್ನದು ತಪ್ಪು ಊಹೆಯೂ ಇರಬಹುದು. ಅವನಿಗೆ ಹೆಣ್ಣುಮಕ್ಕಳಿಲ್ಲ.

ಒಂದು ದಿನ ದಹ್ಹಾಮ್ ಪರದೆಯಾಚೆ ಕೂತು ಅತ್ತೆಗೆ ಹೇಳಿದ, "ಬಿಡು ಉಮ್ಮ್ ಮುತ್ಲಖ್. ಎರಡು ದಿನ ಹಿಮದಲ್ಲಿ ನಡೆದೋನನ್ನ ನಾಲ್ಕು ಬೆರಳು ಉಣ್ಣೆ ಕೊಲ್ಲಲ್ಲ."

"ಕೊಲ್ಲಲ್ಲ" ಎಂದಳು ಅತ್ತೆ. "ಬೆಚ್ಚಗೆ ಸಾಯೋಕೂ ಬಿಡ್ಲಿಲ್ಲ."

ಆ ಮಾತು ಸರಿಯಾಗಿತ್ತು. ಆ ಎಲ್ಲ ದಿನಗಳಲ್ಲಿ ಯಾರಾದರೂ ಸರಿಯಾಗಿ ಹೇಳಿದ್ದು ಅದೊಂದೇ ಎನ್ನಿಸಿತು. ಅಳು ಬರಬಹುದೇನೋ ಎಂದು ಕಾದೆ. ಬರಲಿಲ್ಲ. ಒಲೆಯಿಂದ ಬಾಣಲೆ ಇಳಿಸಿದೆ. ಬರಿಗೈಯಲ್ಲಿ ಹಿಡಿದಿದ್ದೆ ಎಂದು ತಿಳಿದದ್ದು ಮರುದಿನ ಬೊಬ್ಬೆ ಎದ್ದಾಗ.

ಮಳೆಗಾಲ ಮುಗಿಯಿತು. ನೂರ ಮೂವತ್ತನೆಯ ದಿನ ನಾನು ಮಿಂದೆ, ಬೇರೆ ಬಟ್ಟೆ ಉಟ್ಟೆ, ಮನೆಯ ಹೊರಗೆ ಹೋಗಿ ನಿಂತೆ. ಬಿಸಿಲು ಕಣ್ಣಿಗೆ ಚುಚ್ಚಿತು. ಅದೇ ವಾರ ಆಡುಗಳ ಕೂದಲು ಕತ್ತರಿಸಿದ್ದರು, ಬೋಳಾದ ಆಡುಗಳು ಒಂದನ್ನೊಂದು ಗುರುತು ಹಿಡಿಯಲಾರದೆ ಕೂಗಾಡುತ್ತಿದ್ದವು.

ಮೂರನೆಯ ದಿನ ನನ್ನ ಅಣ್ಣ ಸತ್ತಾಮ್ ಪಿಕಪ್‌ನಲ್ಲಿ ಬಂದ. ಅವನಿಗೆ ಕಾಫಿ ಕೊಟ್ಟರು, ಮರಿ ಕೊಯ್ದು ಊಟ ಹಾಕಿದರು. ಊಟವಾದ ಮೇಲೆ ಅವನು ಬಂದ ಕೆಲಸ ಹೇಳಿದ. ನಾನು ಪರದೆಯ ಈಚೆ ನನ್ನ ಗಂಟು ಕಟ್ಟಿಟ್ಟುಕೊಂಡು ಕೂತಿದ್ದೆ. ಎರಡು ಅಂಗಿ, ಒಂದು ಕನ್ನಡಿ, ನೂಲುವ ಕದಿರು. ನೌಫಳ ಕೂದಲು ಬಾಚುತ್ತಿದ್ದೆ. ಬಾಚಿ ಹೆಣೆದು, ಬಿಚ್ಚಿ, ಮತ್ತೆ ಬಾಚುತ್ತಿದ್ದೆ.

"ನಿಮ್ಮ ತಂಗಿ, ನೀವು ಕರ್ಕೊಂಡು ಹೋಗೋದು ಸರಿ" ಎಂದ ಮುತ್ಲಖ್. "ಮಗು ಇಲ್ಲಿರುತ್ತೆ. ಬೇಕಾದಾಗ ಬಂದು ನೋಡ್ಲಿ."

"ದೇವರು ನಿಮ್ಮನ್ನ ಚೆನ್ನಾಗಿಡ್ಲಿ" ಎಂದ ಸತ್ತಾಮ್. ಮಾತು ಅಲ್ಲಿಗೆ ಮುಗಿಯಿತು. ಅವನು ಏಳುತ್ತಿರುವ ಸದ್ದು ಕೇಳಿಸಿತು.

"ಕೂತ್ಕೋ" ಎಂದಳು ಅತ್ತೆ, ಪರದೆಯ ಈಚೆಯಿಂದಲೇ.

ಆಚೆ ಸದ್ದು ನಿಂತಿತು.

"ನನ್ನ ಮಗನ ಮನೆ ಮಾಡಿನಲ್ಲಿ ಕೆಟ್ಟ ಪಟ್ಟಿ ಇದೆ. ನೆಯ್ದೋಳು ನಿನ್ನ ತಂಗಿ. ಅದನ್ನ ಹಂಗೇ ಬಿಟ್ಟು ಹೋಗ್ತಾಳಾ?"

ಸತ್ತಾಮ್ ನಕ್ಕ. "ದೊಡ್ಡಮ್ಮ, ಅಷ್ಟೇ ತಾನೇ? ಮಆನಿನ ಪೇಟೇಲಿ ಪಟ್ಟಿ ಸಿಗುತ್ತೆ. ನಾಳೆನೇ ತಂದು ಹಾಕಿಸ್ತೀನಿ, ಒಳ್ಳೇದು, ಅಗಲದ್ದು."

"ಪೇಟೆ ಪಟ್ಟಿ ನಿನ್ನ ತಲೆಗೆ ಸುತ್ಕೋ. ಈ ಮನೆಗೆ ಈ ಮನೆ ಹೆಂಗಸು ನೆಯ್ದಿದ್ದೇ ಆಗ್ಬೇಕು. ಈಗಿನ್ನೂ ಕೂದಲು ಕತ್ತರಿಸಿದಾರೆ. ಒಬ್ಳೇ ನೂಲ್ಬೇಕು, ಬೇಸಿಗೆ ಪೂರ್ತಿ ಬೇಕು. ಆಮೇಲೆ ನೇಯ್ಬೇಕು. ಆಮೇಲೆ ನಾನು ಹೊಲೀಬೇಕು."

"ನೀನಾ ಹೊಲಿಯೋದು?" ಎಂದ ಮುತ್ಲಖ್. "ದಬ್ಬಣ ಘಜ್ವಾಗೆ ಕೊಟ್ಟೆಯಲ್ಲಮ್ಮ?"

"ತಿರುಗಿ ಇಸ್ಕೊಂಡೆ. ಅವಳ ಹೊಲಿಗೆ ಒರಟು." ಅತ್ತೆ ಒಲೆಗೆ ಒಂದು ಕಡ್ಡಿ ತುರುಕಿದಳು. "ಹೊಲಿದ ಮೇಲೆ ಮಳೆ ಬರ್ಲಿ. ಒಂದು ಚಳಿಗಾಲ ನೋಡ್ತೀನಿ. ಸೋರದಿದ್ರೆ ಆಗ ಬಾ, ಮಾತಾಡೋಣ."

"ಅಂದ್ರೆ ಬರೋ ವರ್ಷ" ಎಂದ ಸತ್ತಾಮ್.

"ನಂಗೆ ಎಣಿಸೋಕೆ ಬರಲ್ಲ. ಮಳೆ ಬಂದ ಮೇಲೆ."

ಪಟ್ಟಿಯ ವಿಷಯದಲ್ಲಿ ಹೆಂಗಸಿನ ಮಾತಿಗೆ 'ಇಲ್ಲ' ಎನ್ನುವ ಗಂಡಸು ನಮ್ಮಲ್ಲಿಲ್ಲ, ಮನೆ ನೆಯ್ದ ಹೆಂಗಸರದು, ಅವರದಲ್ಲ. ಸತ್ತಾಮ್ ಪರದೆಯ ಬಳಿ ಬಂದು ಬಗ್ಗಿ, "ಸಬ್ಹಾ, ಏನಂತೀ?" ಎಂದು ಕೇಳಿದ.

ಅವಳು ನನ್ನನ್ನು ಉಳಿಸಿಕೊಳ್ಳುತ್ತಿದ್ದಾಳೋ, ಶಿಕ್ಷೆ ಕೊಡುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಅವಳ ಮುಖ ನೋಡಿದೆ. ಅವಳು ಒಲೆಯ ಕಡೆ ನೋಡುತ್ತಿದ್ದಳು. ಈಗಲೂ ನನಗದು ತಿಳಿದಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

"ನೇಯ್ತೀನಿ ಅಣ್ಣ" ಎಂದೆ.

ಪಿಕಪ್ಪಿನ ಧೂಳು ಗುಡ್ಡದ ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ಹಿಂಬದಿಯಿಂದ ಕೂದಲಿನ ಮೂಟೆಯನ್ನು ಎಳೆದು ತಂದು ನನ್ನ ಮುಂದೆ ನೂಕಿದಳು. ಮೂಟೆಯ ಬಾಯಿ ಬಿಚ್ಚಿದಳು. ಕತ್ತರಿಸುವಾಗ ಆಡುಗಳ ಜೊತೆ ಒಂದೆರಡು ಕುರಿಗಳೂ ಇದ್ದವು, ಕೆಳಗೆ ಬಿದ್ದದ್ದೆಲ್ಲ ಒಂದೇ ಮೂಟೆಗೆ ಸೇರಿತ್ತು.

"ಆರಿಸು" ಎಂದಳು. ಐವತ್ತಕ್ಕೂ ಹೆಚ್ಚು ದಿನಗಳ ಮೇಲೆ ಅವಳು ನೇರವಾಗಿ ನನಗೆ ಹೇಳಿದ ಮಾತು ಅದು.

ನಾನು ಒಂದು ಹಿಡಿ ತೆಗೆದುಕೊಂಡೆ. ಬೆರಳುಗಳ ನಡುವೆ ಎಳೆದು ನೋಡಿದೆ. ಒರಟಾದದ್ದನ್ನು ಬಲಕ್ಕೆ ಇಟ್ಟೆ, ಮೆತ್ತಗಿನದನ್ನು ಎಡಕ್ಕೆ. ಇನ್ನೊಂದು ಹಿಡಿ ತೆಗೆದುಕೊಂಡೆ. ಅತ್ತೆ ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಒಮ್ಮೆ ಬಲಗಡೆಯ ರಾಶಿಯಿಂದ ಒಂದು ಎಳೆಯನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಎಡಕ್ಕೆ ಹಾಕಿದಳು.